ಪಾಲೆಮರದ ಕಲಮು

“ಹುಲಿಗೊಂದು ಕಾಯ್ದೆ ಬೇಕು, ಸರಿ. ಪಾಚಿಗೂ ಕಾಯ್ದೆಯೇ ಮೋನಪ್ಪ?” ಎಂದು ಮುಂಬಯಿಯ ಸಚಿವಾಲಯದ ಕ್ಯಾಂಟೀನಿನಲ್ಲಿ ಗೆಳೆಯರು ಕೆಣಕುತ್ತಿದ್ದರು.

“ಪಾಚಿ ಹೋದರೆ ಬಸವನಹುಳು ಹೋಯಿತು. ಬಸವನಹುಳು ಹೋದರೆ ಅದನ್ನು ತಿನ್ನುವ ಹಕ್ಕಿ ಹೋಯಿತು. ಹೀಗೇ ಹೋಗುತ್ತ ಹೋಗುತ್ತ ಕಡೆಗೆ ಹಸಿದ ಹುಲಿ ಚರ್ಚ್‌ಗೇಟಿಗೆ ಬಂದು ನಿಮ್ಮ ಬಟಾಟೆವಡೆಗೇ ಬಾಯಿ ಹಾಕುತ್ತದೆ,” ಎಂದು ಮೋನಪ್ಪನವರು ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದರು.

ಎಪ್ಪತ್ತೆರಡರಲ್ಲಿ ವನ್ಯಜೀವಿಗಳ ರಕ್ಷಣೆಗೆ ದೇಶಕ್ಕೆಲ್ಲ ಒಂದು ಕಾಯ್ದೆ ಬಂದಿತ್ತು. ಅದನ್ನು ಹಿಡಿದು ತನ್ನ ಕಾಡುಗಳಿಗೆ ತಕ್ಕ ನೀತಿಯನ್ನು ರಾಜ್ಯ ಸರಕಾರ ರೂಪಿಸಬೇಕಿತ್ತು. ಅದಕ್ಕೆಂದು ಒಂದು ಪುಟ್ಟ ವಿಭಾಗ ತೆರೆದು ಮೋನಪ್ಪನವರನ್ನು ಮುಖ್ಯಸ್ಥರನ್ನಾಗಿ ಕೂರಿಸಿದರು. ಮೇಲೇರುವ ಆಸೆಯಿದ್ದವರು ಯಾರೂ ಆ ಕುರ್ಚಿಯತ್ತ ಸುಳಿದಿರಲಿಲ್ಲ. ಮೋನಪ್ಪನವರಿಗೆ ಮಾತ್ರ ಸಿಂಹಾಸನ ಸಿಕ್ಕಂತಾಯಿತು.

ತುಳುನಾಡಿನ ಕಾಪು ಕಡೆಯಿಂದ ಹುಡುಗರಾಗಿ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಸರಕಾರದಲ್ಲಿ ಗುಮಾಸ್ತರಾಗಿ ಸೇರಿ, ಒಂದೊಂದೇ ಪರೀಕ್ಷೆ ಕಟ್ಟುತ್ತ ಮೇಲೆ ಬಂದಿದ್ದರು. ಕಾಡಿನ ಹುಚ್ಚು ಅಂಟಿದ್ದು ಬೊರಿವಲಿಯಲ್ಲಿ. ಭಾನುವಾರ ಬಂತೆಂದರೆ ಸಾಂತಾಕ್ರೂಜಿನ ಮನೆಯಿಂದ ಬೊರಿವಲಿಗೆ ಹೋಗಿ, ಸ್ಟೇಷನ್ನಿನ ಆಚೆಗಿನ ಗುಡ್ಡಗಳಲ್ಲಿ ಅಲೆದು, ಸಂಜೆ ಕೆಸರು ಮೆತ್ತಿದ ಕಾಲುಗಳೊಂದಿಗೆ ಮರಳುತ್ತಿದ್ದರು. “ರಜೆಯ ದಿನವೂ ಲೋಕಲ್ ಹತ್ತುವ ಗಂಡಸು ಮುಂಬಯಿಯಲ್ಲಿ ನೀವೊಬ್ಬರೇ,” ಎನ್ನುತ್ತಿದ್ದಳು ಹೆಂಡತಿ ರಾಜೀವಿ.

ಆ ಗುಡ್ಡಗಳಲ್ಲಿಯೇ ಅವರು ನಿಂತಲ್ಲೇ ಸತ್ತ ಮರಗಳನ್ನು ಕಂಡಿದ್ದರು. ಔಷಧದ ಸಾಮಾನು ಮಾರುವ ವ್ಯಾಪಾರಿಗಳ ಆಳುಗಳು ಕೊಡಲಿಯಿಂದ ಕಾಂಡದ ಸುತ್ತಲೂ ತೊಗಟೆ ಸುಲಿದು ಒಯ್ಯುತ್ತಿದ್ದರು. ಮೈಸುತ್ತ ಚರ್ಮ ಕಳೆದುಕೊಂಡ ಮರ ಮುಂದಿನ ಚಿಗುರುಕಾಲವನ್ನು ನೋಡುತ್ತಿರಲಿಲ್ಲ. ಮೋನಪ್ಪನವರು ತಮ್ಮ ಕರಡಿನಲ್ಲಿ ಒಂದು ಕಲಮು ಬರೆದರು: ಯಾವುದೇ ಮರದ ತೊಗಟೆಯನ್ನು ಯಾರೂ, ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ.

ಇಲಾಖೆಯ ಕಾರ್ಯದರ್ಶಿಗಳು ಕರಡನ್ನು ಓದಿ ಕನ್ನಡಕ ತೆಗೆದರು. “ಒಂದು ಮಳೆಗಾಲ ಬೊರಿವಲಿಯಲ್ಲಿ ನಡೆಸಿ ತೋರಿಸಿ. ಯಾರಿಗೂ ರಿಯಾಯಿತಿಯಿಲ್ಲದೆ ನಡೆದರೆ ಇಡೀ ರಾಜ್ಯಕ್ಕೆ ಹೊರಡಿಸೋಣ. ಇಲ್ಲವೋ, ಇದನ್ನು ಮರೆತುಬಿಡಿ.”

ಹೀಗೆ ಎಪ್ಪತ್ತನಾಲ್ಕರ ಮಳೆ ಶುರುವಾಯಿತು. ಮಳೆಯೊಂದಿಗೆ ಆಟಿ ತಿಂಗಳೂ ಬಂತು.

ತುಳುನಾಡಿನವರಿಗೆ ಆಟಿ ಅಮಾವಾಸ್ಯೆಯೆಂದರೆ ಪಾಲೆಯ ಕಷಾಯ. ಪಾಲೆಮರದ ತೊಗಟೆಯನ್ನು ಬೆಳ್ಳುಳ್ಳಿ, ಕಾಳುಮೆಣಸಿನೊಂದಿಗೆ ಅರೆದು, ರಸಕ್ಕೆ ಕಾದ ಬಿಳಿಕಲ್ಲು ಹಾಕಿ ಬರಿಹೊಟ್ಟೆಗೆ ಕುಡಿಯಬೇಕು. ಕುಡಿದವನ ಮುಖ ಹಿಂಡಿದ ನಿಂಬೆಯಂತಾಗುತ್ತದೆ. ಆಮೇಲೆ ಮೆಂತೆಗಂಜಿ. ವರ್ಷದ ರೋಗವೆಲ್ಲ ಅಲ್ಲಿಗೆ ತೀರಿತೆಂದು ನಂಬಿಕೆ. ರಾಜೀವಿಯ ಅಣ್ಣ ಧರ್ಮಣ್ಣನಿಗೆ ಸಾಂತಾಕ್ರೂಜಿನಲ್ಲಿ ಹೋಟೆಲಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಸುತ್ತಲಿನ ಹೋಟೆಲುಗಳ ಅಡುಗೆಯವರು, ಮಾಣಿಗಳು ಎಲ್ಲ ಪುಕ್ಕಟೆ ಕಷಾಯಕ್ಕೆ ಅವನ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಮೋನಪ್ಪನವರೂ ವರ್ಷವರ್ಷ ಲೋಟ ಹಿಡಿದು ನಿಲ್ಲುತ್ತಿದ್ದರು. ಕಾಡಿನ ಎಲೆ ಎಲೆಯ ಬಗ್ಗೆ ಚಿಂತಿಸುತ್ತಿದ್ದ ಆ ಮನುಷ್ಯನಿಗೆ ಈ ತೊಗಟೆ ಎಲ್ಲಿಂದ ಬರುತ್ತದೆಂಬ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಕಷಾಯ ಬರುವುದು ಭಾವನ ಹೋಟೆಲಿನಿಂದ, ಅಷ್ಟೇ.

ಅಮಾವಾಸ್ಯೆಯ ಬೆಳಗು ಇನ್ನೂ ಸರಿಯಾಗಿ ಹರಿದಿರಲಿಲ್ಲ, ಮನೆಯ ಫೋನು ಬಡಿದುಕೊಂಡಿತು. ಬೊರಿವಲಿಯ ಕಾಡಿನ ಗಾರ್ಡು ಸಾಯಬಣ್ಣ. ಅಕ್ಕಲಕೋಟೆಯ ಕಡೆಯವನು.

“ಸಾಹೇಬ್ರ, ತೊಗಟಿ ಕೆತ್ತಾಂವ ಒಬ್ಬ ಸಿಕ್ಕಾನ್ರೀ. ಮೈಮ್ಯಾಲ ಬಟ್ಟೀನ ಇಲ್ಲ. ನಿಮ್ಮ ಹೆಸರ ಹೇಳಾಕತ್ತಾನ.”

ಮೋನಪ್ಪನವರು ಸಿಕ್ಕ ಲೋಕಲ್ ಹತ್ತಿ ಓಡಿದರು. ಹೋಗಿ ನೋಡಿದರೆ ಜಿನುಗುಮಳೆಯಲ್ಲಿ, ಪಾಲೆಮರದ ಬುಡದಲ್ಲಿ, ಬಿಚ್ಚಿದ ಕೊಡೆಯ ಹಿಂದೆ ಧರ್ಮಣ್ಣ ಕುಕ್ಕರುಗಾಲಲ್ಲಿ ಕೂತಿದ್ದ. ಕೊಡೆಯ ಮೇಲೆ ತಲೆ ಮಾತ್ರ ಕಾಣುತ್ತಿತ್ತು. ಪಂಚೆ ಸಾಯಬಣ್ಣನ ಕಂಕುಳಲ್ಲಿತ್ತು.

“ಭಾವಾ, ಬಂದಿರಾ! ಇವನಿಗೆ ಸ್ವಲ್ಪ ಹೇಳಿ ಮಾರಾಯ್ರೆ. ನನ್ನ ಪಂಚೆ ಕೊಡುದಿಲ್ಲ ಅಂತಾನೆ.”

“ಅದು ಪುರಾವಾ ಐತ್ರೀ,” ಎಂದ ಸಾಯಬಣ್ಣ.

“ಪಂಚೆ ಎಂತದರ ಪುರಾವೆ? ಪಂಚೆಯಲ್ಲಿ ಮರ ಕೆತ್ತಲಿಕ್ಕೆ ಆಗ್ತದಾ?”

“ಹಂಗಾರ ಬಿಚ್ಚಿಟ್ಟದ್ದ್ಯಾಕ?”

“ಅಯ್ಯೋ ದೇವರೇ! ಸೂರ್ಯ ಹುಟ್ಟುವ ಮೊದಲು, ಬಟ್ಟೆ ಇಲ್ಲದೆ, ಕಬ್ಬಿಣ ಮುಟ್ಟಿಸದೆ, ಕಲ್ಲಿನಲ್ಲಿ ಜಜ್ಜಿ ತೆಗೀಬೇಕು. ಅದು ಕ್ರಮ. ನಿನ್ನೆ ಸಂಜೆ ಬಂದು ಮರಕ್ಕೆ ನೂಲು ಕಟ್ಟಿ ಅಪ್ಪಣೆ ಸಹ ಕೇಳಿದ್ದೇನೆ.”

“ಆ ನೂಲ ನೋಡೇ ಕಾದ ಕುಂತಿದ್ದೆ ನಾ,” ಎಂದು ಸಾಯಬಣ್ಣ ಹೆಮ್ಮೆಯಿಂದ ಹೇಳಿದ. “ವ್ಯಾಪಾರದ ಮಂದಿ ಗುರ್ತ ಮಾಡ್ಯಾರ ಅಂತ ತಿಳಕೊಂಡೆ.”

ಮೋನಪ್ಪನವರು ಪಂಚೆ ಕೊಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: “ಭಾವ, ಇಷ್ಟು ವರ್ಷವೂ ನೀವು ಇಲ್ಲಿಂದ ತಂದದ್ದಾ?”

“ಮತ್ತೆ ಎಲ್ಲಿಂದ ಅಂತ ಮಾಡಿದ್ದಿರಿ? ದಾದರ್ ಮಾರ್ಕೆಟಿಂದಲಾ?”

“ಊರಿಂದ ಬಸ್ಸಿನಲ್ಲಿ ಬರ್ತದೆ ಅಂತ...”

“ಬೆಳಿಗ್ಗೆ ಕೆತ್ತಿದ್ದನ್ನು ಬೆಳಿಗ್ಗೆಯೇ ಕುಡೀಬೇಕು. ಉಡುಪಿಯ ಬಸ್ಸು ಎಂತ ರಾಕೆಟಾ?”

ಸಾಯಬಣ್ಣ ಹತ್ತಿರ ಬಂದು ದನಿ ತಗ್ಗಿಸಿದ. “ನಿಮ್ಮವರು ಅಂದ್ರ ಬಿಡ್ತೀನ್ರೀ ಸಾಹೇಬ್ರ. ನೀವೂ ನೋಡಿಲ್ಲ, ನಾನೂ ನೋಡಿಲ್ಲ.”

ಮೋನಪ್ಪನವರು ಬುಡದಲ್ಲಿ ಬಿದ್ದಿದ್ದ ಹಸಿ ತೊಗಟೆಯನ್ನು ನೋಡಿದರು. ಹೋಟೆಲಿನಲ್ಲಿ ಅರೆಯುವ ಕಲ್ಲು ತೊಳೆದಿಟ್ಟಿರುತ್ತದೆ, ಜನ ಬರಿಹೊಟ್ಟೆಯಲ್ಲಿ ಕಾಯುತ್ತಿರುತ್ತಾರೆ ಎಂಬುದು ಗೊತ್ತಿತ್ತು. ಇವತ್ತು ಭಾವನನ್ನು ಬಿಟ್ಟರೆ ನಾಳೆ ಕೊಡಲಿಯವನು ಯಾರದೋ ಭಾವನಾಗಿ ಬರುತ್ತಾನೆಂಬುದೂ ಗೊತ್ತಿತ್ತು. ಅಲ್ಲಿಗೆ ಇಡೀ ನೀತಿ ಮುಗಿದಂತೆ.

“ಕೇಸು ಹಾಕು ಸಾಯಬಣ್ಣ. ತೊಗಟೆ ಇಲ್ಲೇ ಇರಲಿ.”

ಧರ್ಮಣ್ಣ ನಂಬಲಾರದೆ ನೋಡಿದ. “ತಂಗಿಯನ್ನು ಕೊಟ್ಟದ್ದಕ್ಕೆ ಒಳ್ಳೆ ಮರ್ಯಾದೆ ಆಯ್ತು ಭಾವ,” ಎಂದವನು ಪಂಚೆ ಬಿಗಿದುಕೊಂಡು ಗಾರ್ಡಿನ ಮುಂದೆ ತಾನೇ ನಡೆದ.

ಆ ದಿನ ಹೋಟೆಲಿನಲ್ಲಿ ಬರೀ ಮೆಂತೆಗಂಜಿ. “ಕಹಿ ಇಲ್ಲದ ಆಟಿ ಎಂತ ಆಟಿ!” ಎಂದು ಅಡುಗೆಯವರು ಗೊಣಗಿದರು. ರಾಜೀವಿ ಗಂಡನ ಮುಂದೆ ಬಟ್ಟಲಿಟ್ಟು, “ಕಹಿಯೆಲ್ಲ ಈ ವರ್ಷ ನನ್ನ ತವರಿಗೇ ಹೋಯಿತಲ್ಲ,” ಎಂದಳು. ಆಮೇಲೆ ಬಹಳ ದಿನ, ಉಪ್ಪು ಬೇಕೇ ಎಂಬುದಕ್ಕಿಂತ ಹೆಚ್ಚಿನ ಮಾತು ಅವಳಿಂದ ಬರಲಿಲ್ಲ.

ಮೋನಪ್ಪನವರ ಕಣ್ಣಿಗೆ ಮಾತ್ರ ಆ ಮರ ಅಂಟಿಕೊಂಡಿತ್ತು. ಭಾನುವಾರಗಳಲ್ಲಿ ಸಾಯಬಣ್ಣನ ಜೊತೆ ಮತ್ತೆ ಮತ್ತೆ ಹೋಗಿ ನೋಡಿದರು. ಕಲ್ಲು ಜಜ್ಜಿದ ಜಾಗ ಅಂಗೈಯಷ್ಟು, ಒಂದೇ ಪಕ್ಕದಲ್ಲಿ. ಅದರ ಮೇಲೆ, ಬದಿಯಲ್ಲಿ, ಹಿಂದಿನ ವರ್ಷಗಳ ಗಾಯಗಳು ಹೊಸ ಚರ್ಮ ಹೊದ್ದು ಮಾಯ್ದಿದ್ದವು. ಕಲ್ಲಿನಿಂದ ಎಷ್ಟು ಬಡಿದರೂ ಮರವನ್ನು ಸುತ್ತಲೂ ಸುಲಿಯುವುದು ಒಬ್ಬನ ಕೈಯಲ್ಲಿ ಆಗುವಂಥದಲ್ಲ. ಇನ್ನೊಂದು ದಿನ, ಆ ಗುಡ್ಡದಲ್ಲೇ ಹುಟ್ಟಿ ಬೆಳೆದ ವಾರ್ಲಿ ಮುದುಕಿಯೊಬ್ಬಳು ಅವರನ್ನು ಕಂಡೊಡನೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡಳು. ಮೊಮ್ಮಗುವಿನ ಹೊಟ್ಟೆನೋವಿಗೆಂದು ಕಿತ್ತ ಒಂದು ಚೂರು ತೊಗಟೆ. ತನ್ನ ಕಲಮು ಆಕೆಯನ್ನೂ ಕಳ್ಳಿಯನ್ನಾಗಿ ಮಾಡಿತಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಕಾಡನ್ನು ಉಳಿಸಹೊರಟವನನ್ನು ಕಂಡು ಕಾಡಿನವರೇ ಅಡಗಬೇಕೇ?

ಮಳೆ ನಿಂತ ಮೇಲೆ ಕಾರ್ಯದರ್ಶಿಗಳು ಕರೆದರು. “ರಿಯಾಯಿತಿ?”

“ಒಂದೂ ಇಲ್ಲ ಸರ್. ಮೊದಲ ಕೇಸು ನನ್ನ ಹೆಂಡತಿಯ ಅಣ್ಣನದೇ.”

ಅವರು ನಕ್ಕು ಪೆನ್ನಿನ ಮುಚ್ಚಳ ತೆಗೆದರು. “ಭೇಷ್. ಹಾಗಾದರೆ ಸಹಿ ಹಾಕುತ್ತೇನೆ.”

“ಸ್ವಲ್ಪ ತಡೀರಿ ಸರ್. ತೊಗಟೆಯ ಕಲಮು ತಪ್ಪಾಗಿದೆ.”

ಪೆನ್ನು ನಿಂತಿತು. ನಗು ಹೋಯಿತು. “ನಿಮ್ಮ ಭಾವನಿಗಾಗಿ ಸರಕಾರದ ನೀತಿ ಬದಲಾಯಿಸಬೇಕೋ?”

“ಅವರ ಕೇಸು ಹಾಗೇ ಇರಲಿ. ನನ್ನ ಮಾತು ನಂಬಬೇಡಿ, ಬಂದು ಮರ ನೋಡಿ. ಆಮೇಲೂ ಬೇಡ ಅನಿಸಿದರೆ ಇಡೀ ಕರಡನ್ನೇ ಹರಿದುಹಾಕಿ.”

ಮುಂದಿನ ಭಾನುವಾರ ಕಾರ್ಯದರ್ಶಿಗಳು ಹೊಳೆಯುವ ಬೂಟುಗಳನ್ನು ಕೆಸರಿಗೆ ಒಪ್ಪಿಸಿ ಗುಡ್ಡ ಹತ್ತಿದರು. ಕೊಡಲಿ ತಿಂದ ಮರಗಳನ್ನೂ ಕಲ್ಲು ತಿಂದ ಮರವನ್ನೂ ಕೈಯಾಡಿಸಿ ನೋಡಿದರು. ಮೋನಪ್ಪನವರು ತಿದ್ದಿ ತಂದಿದ್ದ ಕಲಮನ್ನು ಓದಿ ಕೇಳಿದರು: “ಕಬ್ಬಿಣ ನಿಷೇಧ, ಮಾರಾಟ ನಿಷೇಧ, ಅಂಗೈಯಗಲಕ್ಕಿಂತ ಹೆಚ್ಚಿಲ್ಲ. ಸರಿ. ಬಂದವನು ಕೊಡಲಿ ಬಚ್ಚಿಟ್ಟುಕೊಂಡಿಲ್ಲವೆಂದು ಗಾರ್ಡಿಗೆ ಹೇಗೆ ತಿಳಿಯಬೇಕು?”

“ನಮ್ಮ ಜನರ ಮಟ್ಟಿಗೆ ಆ ಭಯವಿಲ್ಲ ಸರ್,” ಎಂದರು ಮೋನಪ್ಪನವರು. “ಮೈಮೇಲೆ ಪಂಚೆಯೇ ಇಲ್ಲದವನು ಕೊಡಲಿಯನ್ನು ಎಲ್ಲಿ ಬಚ್ಚಿಟ್ಟಾನು?”

ಕಾರ್ಯದರ್ಶಿಗಳ ನಗೆಗೆ ಮರದ ಹಕ್ಕಿಗಳು ಹಾರಿಹೋದವು. ಆ ವಾರವೇ ಸಹಿ ಬಿತ್ತು. ಮನೆಯ ಮದ್ದಿಗೆ, ಗಾರ್ಡಿನ ಎದುರಿನಲ್ಲಿ, ಕಬ್ಬಿಣವಿಲ್ಲದೆ ಎಂಬ ಆ ಸಾಲುಗಳಿಗೆ ಇಲಾಖೆಯವರು ‘ಭಾವನ ಕಲಮು’ ಎಂದೇ ಹೆಸರಿಟ್ಟರು.

ಮರುವರ್ಷದ ಅಮಾವಾಸ್ಯೆ. ಮಸುಕುಬೆಳಕಿನಲ್ಲಿ ಮೋನಪ್ಪನವರು ಕಾಲುದಾರಿಯಲ್ಲಿ ನಿಂತಿದ್ದರು. ಮರದ ಕಡೆಯಿಂದ ಕಲ್ಲಿನ ಸದ್ದು ಟಕ್ ಟಕ್ ಎಂದು ಬರುತ್ತಿತ್ತು. ಸಾಯಬಣ್ಣ ಮರಕ್ಕೆ ಬೆನ್ನು ಮಾಡಿದ್ದ.

“ಅಣ್ಣಾರ, ಅಂಗೈ ಅಷ್ಟ ಆತೇನ್ರೀ? ನೋಡ್ಲೇನು?”

“ತಿರುಗಬೇಡ ಮಾರಾಯ! ಯಾರೂ ನೋಡಬಾರದು, ಅದು ಕ್ರಮ!”

“ಗಾರ್ಡ ನೋಡಬೇಕು ಅಂತ ಕಲಮಿನ್ಯಾಗ ಐತಲ್ರೀ! ಸಾಹೇಬ್ರ, ಈಗೇನ್ ಮಾಡ್ಲಿ?”

ಇಷ್ಟೆಲ್ಲ ಯೋಚಿಸಿ ಬರೆದವರಿಗೆ ಇದೊಂದು ಹೊಳೆದಿರಲಿಲ್ಲ. ಮೋನಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅವರು ಪಂಚೆ ಉಟ್ಟ ಮೇಲೆ ಅಳೆ!”

ಧರ್ಮಣ್ಣ ಪಂಚೆಯುಟ್ಟು ಬಂದ. ಮರದ ಬಳಿ ಅಂಗೈಯಿಟ್ಟು ಅಳೆದು ಬಂದ ಸಾಯಬಣ್ಣ, “ನಮ್ಮನಿಯಾಕಿ ಹನುಮವ್ವನ ಹೊಟ್ಟಿನೂ ಭಾಳ ಕೆಟ್ಟೈತ್ರೀ. ಮಾರೂ ಹಂಗಿಲ್ಲ, ಖರೆ. ಕೊಡೂ ಹಂಗ ಐತೇನು?” ಎಂದು ಕೇಳಿದ.

“ನಿನ್ನ ಹೆಂಡತಿಯನ್ನೂ ಕರ್ಕೊಂಡು ಹೋಟೆಲಿಗೆ ಬಾ. ಬರಿಹೊಟ್ಟೆಗೆ ಬರಬೇಕು ಮತ್ತೆ,” ಎಂದ ಧರ್ಮಣ್ಣ, ಕೆಸುವಿನ ಎಲೆಯಲ್ಲಿ ಸುತ್ತಿದ ಹಸಿ ತೊಗಟೆಯನ್ನು ಮೋನಪ್ಪನವರ ಕೈಗೆ ತುರುಕಿದ. “ನೀವು ಹಿಡ್ಕೊಳ್ಳಿ ಭಾವ. ಸರಕಾರದವರ ಕೈಯಲ್ಲಿದ್ದರೆ ಸ್ಟೇಷನ್ನಿನಲ್ಲಿ ಯಾರೂ ಕೇಳುದಿಲ್ಲ. ಬೇಗ ನಡೀರಿ, ಜನ ಕಾಯ್ತಾ ಇದ್ದಾರೆ.”

ಕಹಿಗಂಪಿನ ಆ ಪೊಟ್ಟಣವನ್ನು ಎದೆಗವಚಿಕೊಂಡು ಮೋನಪ್ಪನವರು ಭಾವನ ಹಿಂದೆ ಬೊರಿವಲಿ ಸ್ಟೇಷನ್ನಿನ ಕಡೆಗೆ ಹೆಚ್ಚುಕಡಿಮೆ ಓಡುತ್ತಲೇ ಇಳಿದರು.