ಕಪ್ಪು ಪದರದ ಮೇಣ

ಪಾಲಿಶ್ ಮಾವನ ಕಣ್ಣರೆಪ್ಪೆಯ ಕೂದಲು ನಲವತ್ತೈದನೇ ವಯಸ್ಸಿಗೇ ಬೆಳ್ಳಗಿತ್ತು. ಮುಖ ತೊಳೆದರೆ ಕಪ್ಪಾಗುತ್ತಿತ್ತು, ಗರಗಸದ ಮುಂದೆ ಕೂತರೆ ಮತ್ತೆ ಬಿಳಿ. ಕಲ್ಯಾಣದುರ್ಗದಿಂದ ಬಂದು ಹಿಂದೂಪುರದಲ್ಲಿ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಅಂಗಡಿ ಹಾಕಿದ್ದರು; ಅದಕ್ಕೇ ಎಲ್ಲರಿಗೂ ಪಾಲಿಶ್ ಮಾವ. ಬೆರಳಿಂದ ತಟ್ಟಿ ಸದ್ದು ಕೇಳದೆ ಯಾವ ಕಲ್ಲನ್ನೂ ಕೊಯ್ದವರಲ್ಲ, ಉಳಿದ ಚೂರನ್ನು ಎಸೆದವರೂ ಅಲ್ಲ. ಅಂಗಡಿಯ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ.

ನನ್ನ ಕೆಲಸವೂ ಕಲ್ಲಿನದೇ. ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ ಭೂಮಿಯ ಮೇಲಿನ ಬಹುಪಾಲು ಜೀವಗಳು ಅಳಿದುಹೋದವು. ಆಗಿನ ಕೆಸರು ಈಗ ಕಲ್ಲಾಗಿದೆ. ಅದರಲ್ಲಿ ಎಲೆಗಳ ಮೇಲಿರುವ ಮೇಣದ ಅಂಶ ಉಳಿದಿದೆಯೇ ಎಂದು ಹುಡುಕಿ, ಏನು ಸತ್ತಿತು, ಏನು ಬದುಕಿತು ಎಂದು ತಿಳಿಯುವುದು ನನ್ನ ಸಂಶೋಧನೆ. ಪ್ರಯೋಗಾಲಯದ ಗರಗಸ ಕೆಟ್ಟಾಗ, ಗೋದಾವರಿ ಸೀಮೆಯ ಕಲ್ಲೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮಾವನ ಹತ್ತಿರ ತಂದೆ. ಎಣ್ಣೆ ಸೋಕಬಾರದು, ಬರಿಗೈ ತಾಗಬಾರದು ಎಂದೆ. ಅವರಿಗೆ ಕೆಮ್ಮಿತ್ತು. ಕಲ್ಲಿನ ಮೇಲೆ ಉಗುಳು ಸಿಡಿದೀತೆಂದು ಮಾಸ್ಕ್ ಒಂದನ್ನು ಕೊಟ್ಟೆ. ಕೆಲಸ ಮುಗಿದ ಮೇಲೆ ಅದನ್ನು ಕೊಡವಿ, ಮಡಚಿ ಹಿಂದಿರುಗಿಸಿದರು.

ಪರೀಕ್ಷೆ ಮಾಡಿದರೆ, ಎಲ್ಲವೂ ಸತ್ತಿತೆನ್ನುವ ಕಾಲದ ಕಪ್ಪು ಪದರದಲ್ಲೇ ಮೇಣ ದಂಡಿಯಾಗಿ ಸಿಕ್ಕಿತು. ಕಾಡು ಉಳಿದಿತ್ತು ಎಂದು ಪ್ರಬಂಧ ಬರೆದು, ಮೈಸೂರುಪಾಕು ಹಿಡಿದು ಅಂಗಡಿಗೆ ಹೋದೆ. ಮಾವ ಸಿಹಿ ಬಾಯಿಗಿಟ್ಟು, ತಾವೂ ಒಂದು ಕೈ ಹಾಕಿದ್ದನ್ನು ಸಂಕೋಚದಿಂದ ಹೇಳಿದರು.

“ಆ ಕರೇ ಪಟ್ಟಿ ಒಂದೇ ಮಂಕಾಗಿತ್ತು ಕಣಮ್ಮ. ನೋಡಕ್ಕಾಗ್ದೆ ಒಂದೀಟು ಜೇನುಮೇಣ ತಿಕ್ಬುಟ್ಟೆ. ಎಣ್ಣೆ ಮಾತ್ರ ಮುಟ್ಟಿಲ್ಲ.”

ಜೇನುಮೇಣವೂ ಎಲೆಯ ಮೇಣವೂ ನಮ್ಮ ಯಂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೂರು ವರ್ಷದ ಕೆಲಸ ಹೋಯಿತೆಂದು ಅಲ್ಲೇ ಅತ್ತುಬಿಟ್ಟೆ, ಬಾಯಿಗೆ ಬಂದಂತೆ ಬೈದೆ ಕೂಡ. ಮಾವ ಎದ್ದುಹೋಗಿ, ಹಿತ್ತಲ ರಾಶಿಯಿಂದ ಅದೇ ಕಲ್ಲಿನ ಇನ್ನೊಂದು ಹೋಳನ್ನು ಹುಡುಕಿ ತಂದರು. ನಾನು ಎಸೆಯಿರಿ ಎಂದಿದ್ದ ಹೋಳು, ಜೇನುಮೇಣ ಸೋಕದ್ದು.

ಅದರ ಒಳಗನ್ನು ಪರೀಕ್ಷಿಸಿದರೆ ಆ ಪದರದಲ್ಲಿ ಎಲೆಯ ಸುಳಿವೇ ಇರಲಿಲ್ಲ. ಹೇಳಿದಾಗ ಮಾವ ಗರಗಸ ನಿಲ್ಲಿಸಿದರು.

“ಒಂದ್ ಗಿಡಾನೂ ಉಳೀಲಿಲ್ವಾ? ಅಯ್ಯೋ ಪಾಪಂ. ಉಸ್ರು ಕಟ್ಟಿ ಸತ್ವೇನೋ,” ಎಂದು ಬಹಳ ಹೊತ್ತು ಕೆಮ್ಮಿದರು. ನಾನು ಹೋಳಿನ ಗುಂಗಿನಲ್ಲಿದ್ದೆ.

ಹೋದ ವರ್ಷ ಮಾವ ತೀರಿಕೊಂಡರು. ಶ್ವಾಸಕೋಶದ ತುಂಬ ಕಲ್ಲಿನ ಪುಡಿಯೇ ಇತ್ತೆಂದು ಡಾಕ್ಟರು ಹೇಳಿದರಂತೆ. ಇದನ್ನು ಅವರ ಹೆಂಡತಿಯ ಬಾಯಿಂದ ಕೇಳಿದೆ. ಕೋಟಿ ವರ್ಷಗಳ ಹಿಂದಿನ ಸಾವಿಗೆ ಕಾರಣ ಹುಡುಕುವವಳು ನಾನು. ಆ ಮಾಸ್ಕನ್ನು ಕೊಟ್ಟದ್ದು ಕಲ್ಲಿಗಾಗಿ. ಅವರು ಮಡಚಿ ಕೊಟ್ಟಾಗ, ನೀವೇ ಇಟ್ಟುಕೊಳ್ಳಿ ಮಾವ ಎನ್ನಲು ನನಗೆ ತೋಚಲಿಲ್ಲ.