ಸಿದ್ದಕ್ಕ ಕಟ್ಟಿದ ದೃಷ್ಟಿಬೊಂಬೆ

ಪಿರಿಯಾಪಟ್ಟಣದಿಂದ ಕೊಪ್ಪದ ಕಡೆಗೆ ಹೋಗುವ ರಸ್ತೆಯಲ್ಲಿ ನಾವು ಮನೆ ಕಟ್ಟಿಸಿದ ವರ್ಷ ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಬೆಳಿಗ್ಗೆ ಅಂಗನವಾಡಿಯಲ್ಲಿ ಮಕ್ಕಳ ಮೇಲೆ, ಸಂಜೆ ಸೈಟಿನಲ್ಲಿ ಗಾರೆಯವರ ಮೇಲೆ ಕೂಗುವುದೇ ಆಗಿತ್ತು. ನಮ್ಮ ಯಜಮಾನರು ದೇವರಾಜು ಗೂಡ್ಸ್ ಗಾಡಿ ಓಡಿಸುವವರು. ಲೋಡ್ ಬಂತು ಅಂತ ಹೇಳಿ ಜಾರಿಕೊಳ್ಳುವುದರಲ್ಲಿ ನಿಪುಣರು. ಹಾಗಾಗಿ ಆ ಮನೆಯ ಒಂದೊಂದು ಇಟ್ಟಿಗೆಯೂ ನನ್ನ ಬೈಗುಳ ಕೇಳಿಯೇ ಮೇಲೆ ಹೋದದ್ದು. ಮುಂದುಗಡೆ ಗ್ರಾನೈಟ್ ಕಂಬ, ತೇಗದ ಬಾಗಿಲು, ಬಾಗಿಲ ತುಂಬ ಕೆತ್ತನೆ. ನೋಡಿದವರು ಬಾಯಿ ಬಿಟ್ಟು ನಿಲ್ಲಬೇಕು ಅನ್ನುವುದು ನನ್ನ ಆಸೆ. ಮನೆ ಕಟ್ಟಿಸಿದವರಿಗೆ ಅಷ್ಟೂ ಆಸೆ ಇರಬಾರದೇ?

ನಮ್ಮ ಸೈಟಿಗೆ ಅಂಟಿಕೊಂಡೇ ಪುಟ್ಟಸಿದ್ದಮ್ಮನ ಮುಸುಕಿನ ಜೋಳದ ಹೊಲ. ಊರಿಗೆಲ್ಲ ಅವಳು ಸಿದ್ದಕ್ಕ. ಐವತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈಕಟ್ಟು, ಮಾತು ಕಡಿಮೆ. ಅವಳ ಗಂಡ ಮಂಚಯ್ಯ ಅವಳಿಗಿಂತಲೂ ಕಡಿಮೆ ಮಾತಿನವನು. ಅವರಿಬ್ಬರೂ ಹೊಲದಲ್ಲಿ ಕೆಲಸ ಮಾಡುತ್ತಿದ್ದರೆ ಯಾರೂ ಇಲ್ಲವೇನೋ ಅನ್ನಿಸುತ್ತಿತ್ತು.

ನಮ್ಮ ಕಡೆ ಜೋಳಕ್ಕೆ ನವಿಲಿನ ಕಾಟ ಅಷ್ಟಿಷ್ಟಲ್ಲ. ಎಲ್ಲರೂ ಕೋಲಿಗೊಂದು ಹರಕಲು ಅಂಗಿ ತೊಡಿಸಿ, ಮೇಲೊಂದು ಮಡಕೆ ಬೋರಲು ಹಾಕಿ, ಸುಣ್ಣದಲ್ಲಿ ಎರಡು ಕಣ್ಣಿಟ್ಟು ಬೆದರುಬೊಂಬೆ ಮಾಡಿ ಮುಗಿಸುತ್ತಾರೆ. ಸಿದ್ದಕ್ಕನ ಬೊಂಬೆ ಹಾಗಲ್ಲ. ಒಂದು ಸಲ ಅವಳು ಮಂಚಯ್ಯನನ್ನೇ ಮಾಡಿಬಿಟ್ಟಿದ್ದಳು. ಒಂದು ಭುಜ ತುಸು ಕೆಳಗೆ, ಮೇಲೆ ಟವೆಲ್ಲು, ಕತ್ತು ಮುಂದಕ್ಕೆ. ಊರಿನ ದೊಡ್ಡ ಹೊಗೆಸೊಪ್ಪು ಬೆಳೆಗಾರ ಚಿಕ್ಕಬೀರಯ್ಯನವರು ಬದುವಿನ ಮೇಲೆ ನಿಂತು, ನೀರಿನ ಪೈಪು ಯಾವಾಗ ವಾಪಸ್ಸು ಕೊಡ್ತೀಯ ಅಂತ ಆ ಬೊಂಬೆಯನ್ನು ಕೇಳಿದರಂತೆ. ಉತ್ತರ ಬರದಿದ್ದಕ್ಕೆ ಸಿಟ್ಟು ಮಾಡಿಕೊಂಡು ಇಷ್ಟೊಂದು ಕೊಬ್ಬು ಒಳ್ಳೆಯದಲ್ಲ ಎಂದೂ ಹೇಳಿ ಹೋದರಂತೆ. ಇದನ್ನು ಹೇಳಿಕೊಂಡು ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮೆಚ್ಚಿಕೊಂಡೇ ನಕ್ಕದ್ದು. ಆದರೆ ಮೂರನೆಯ ಬೆಳಿಗ್ಗೆ ನೋಡಿದರೆ ಬೊಂಬೆ ಇಲ್ಲ. ಅದರ ಜಾಗದಲ್ಲಿ ಎಲ್ಲರ ಹೊಲದಲ್ಲಿರುವಂಥದ್ದೇ ಒಂದು ಬೋರಲು ಮಡಕೆ.

ಇದು ಅವಳ ರೂಢಿ. ಕಟ್ಟುವಾಗ ಮೈಮರೆತು ಕಟ್ಟುವುದು, ಜನ ನೋಡಿದ ಕೂಡಲೇ ಕಿತ್ತು ಹಾಕುವುದು. ನಾನು ಸುಮ್ಮನಿರುವ ಪೈಕಿಯಲ್ಲ, ಕೇಳಿಯೇಬಿಟ್ಟೆ. ಕಳೆ ಕೀಳುತ್ತಲೇ ಅವಳು ಹೇಳಿದಳು.

"ಒಳಗೊಬ್ಳು ಕೂತವ್ಳೆ ಕಣ್ರೀ ಟೀಚರಮ್ಮ. ನಾನು ಕೈ ಇಟ್ಟೇಟ್ಗೆ ಸುರು ಮಾಡ್ತಾಳೆ. ಇದೆಲ್ಲ ನಿಂಗ್ಯಾಕೆ, ಮುದ್ಕಿ ಆಯ್ತಾ ಬಂದೆ, ಬೊಂಬೆ ಆಟ ಆಡ್ತೀಯಾ, ನಾಕ್ ಜನ ಏನಂದಾರು ಅಂತಾವ."

ಆ ಒಳಗಿನವಳು ಎಂದು ಬಂದು ಸೇರಿಕೊಂಡಳು ಅನ್ನುವುದೂ ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಒಂದು ಹಬ್ಬದ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕು ಅಂದರೆ ಇವಳು ಚುಕ್ಕಿ ಬಿಟ್ಟು ಪಕ್ಕದ ಮನೆಯ ಎಮ್ಮೆಯನ್ನು ಬರೆದಳಂತೆ. ಮುರಿದ ಕೊಂಬಿನ ಸಮೇತ ಅದೇ ಎಮ್ಮೆ. ಯಮನ ವಾಹನವನ್ನು ಹೊಸ್ತಿಲಿಗೆ ಕರೀತೀಯಾ ಅಂತ ಅವ್ವ ನಾಲ್ಕು ಬಾರಿಸಿ, ಸಗಣಿ ನೀರು ಹಾಕಿ ಅಳಿಸಿದಳು. ಆಮೇಲೆ ಅತ್ತೆ ಒಂದು ಮಾತು, ನಾದಿನಿ ಒಂದು ಮಾತು. ಅಂದವರೆಲ್ಲ ಅಂದು ಮರೆತರು, ಕೆಲವರು ಸತ್ತೂ ಹೋದರು. ಇವಳೊಬ್ಬಳು ಮಾತ್ರ ಅಷ್ಟನ್ನೂ ಜೋಪಾನವಾಗಿ ಇಟ್ಟುಕೊಂಡು, ದಿನವೂ ತೆಗೆದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕೇಳಿ ನನಗೆ ಸಂಕಟವಾಯಿತು. ಸಿಟ್ಟೂ ಬಂತು.

ಗೃಹಪ್ರವೇಶ ಹತ್ತಿರ ಬಂದಾಗ ದೃಷ್ಟಿಬೊಂಬೆಯ ಮಾತು ಎದ್ದಿತು. ಹೊಸ ಮನೆಗೆ ಯಾರ ಕೆಟ್ಟ ಕಣ್ಣೂ ತಾಗದಿರಲಿ ಅಂತ ಎಲ್ಲರೂ ಹಾಕುತ್ತಾರಲ್ಲ, ಅದು. ಪಿರಿಯಾಪಟ್ಟಣದ ಅಂಗಡಿಯಿಂದ ಒಂದು ಮುಖವಾಡ ತಂದು ಮೊಳೆ ಹೊಡೆದರಾಯಿತು ಅಂದರು ನಮ್ಮವರು. ರಸ್ತೆಯುದ್ದಕ್ಕೂ ಮನೆಮನೆಗೂ ಅದೇ ಮುಖವಾಡ. ಕಪ್ಪು ಮುಖ, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ. ಎಲ್ಲವೂ ಒಂದೇ ಅಚ್ಚಿನವು, ಕಂಡು ಕಂಡು ಈಗ ಯಾರಿಗೂ ಕಾಣುವುದೇ ಇಲ್ಲ. ನನ್ನ ಮನೆಗೆ ಅದು ಬೇಡ, ಸಿದ್ದಕ್ಕ ಕಟ್ಟಲಿ ಅಂತ ಪಟ್ಟು ಹಿಡಿದೆ.

ಅವಳು ಬಿಲ್ಕುಲ್ ಒಪ್ಪಲಿಲ್ಲ. ಹೊಲದಲ್ಲಿಟ್ಟರೆ ಊರಿನವರು ನೋಡುತ್ತಾರೆ, ಇದು ಮೈಸೂರು–ಮಡಿಕೇರಿ ರಸ್ತೆ, ಲೋಕವೇ ನೋಡುತ್ತದೆ ಅನ್ನುವುದು ಅವಳ ಭಯ. ನಾನು ಬಿಡುವವಳೇ? ಹೋದಲ್ಲಿ ಬಂದಲ್ಲಿ ಪೀಡಿಸಿದೆ. ಕೊನೆಗೆ ಕಾಟ ತಾಳಲಾರದೆ ಒಂದು ಮುಖ ಮಾಡಿ ತಂದಳು. ನೋಡಿದರೆ ಅಂಗಡಿಯ ಮುಖವಾಡದ್ದೇ ನಕಲು. ಅದೇ ಕೋರೆಹಲ್ಲು, ಅದೇ ನಾಲಿಗೆ. ನಾಲಿಗೆ ಬೇರೆ ಸೊಟ್ಟಗಾಗಿತ್ತು. ಮನಸ್ಸಿನಲ್ಲಿ ಇದ್ದದ್ದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಇದು ಅಂಗಡಿಯದಕ್ಕಿಂತ ಕಡೆಯಾಗಿದೆ ಅಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಒಳಗಿನವಳು ಬಯ್ಯದಿರುವಂಥದ್ದು ಮಾಡೋಣ ಅಂತ ಹೊರಟರೆ ಹೀಗಾಗುತ್ತದೆ ಅಂದಳು.

ನಮ್ಮ ಅಂಗನವಾಡಿಯಲ್ಲಿ ಗುಮ್ಮನಿಗೆ ಹೆದರಿ ಅಳುವ ಮಕ್ಕಳಿಗೆ ನಾನು ಸ್ಲೇಟು ಕೊಟ್ಟು, ಎಲ್ಲಿ, ಗುಮ್ಮ ಹೇಗಿದ್ದಾನೆ ಬರೆದು ತೋರಿಸು ಅನ್ನುತ್ತೇನೆ. ಬರೆಯುತ್ತಾ ಬರೆಯುತ್ತಾ ಅಳು ನಿಲ್ಲುತ್ತದೆ. ಅದೇ ಧಾಟಿಯಲ್ಲಿ, ರೇಗಿಕೊಂಡೇ ಸಿದ್ದಕ್ಕನನ್ನು ಕೇಳಿದೆ.

"ಅಲ್ಲ ಸಿದ್ದಕ್ಕ, ದಿನಾ ನಿನ್ನ ಬಯ್ತಾಳಲ್ಲ ಅವ್ಳು, ನೋಡೋಕೆ ಹೆಂಗವ್ಳೆ?"

ಅವಳು ಆ ಸೊಟ್ಟ ನಾಲಿಗೆಯ ಮುಖವನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಂಗನವಾಡಿಯಲ್ಲಿ ಹಳೇ ಪೇಪರ್ ಇದ್ದರೆ ಕೊಡಿ ಅಂದಳು. ಕೊಟ್ಟೆ. ನನಗೆ ಗೃಹಪ್ರವೇಶದ ನೂರು ತಾಪತ್ರಯ, ಆ ಮಾತು ಅಲ್ಲಿಗೇ ಮರೆತುಹೋಯಿತು.

ಅವಳು ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಮಡಕೆಯ ಮೇಲೆ ಮೆತ್ತಿ ಮುಖ ಮಾಡಿ, ಹಳೇ ಸೀರೆಯೊಳಗೆ ಹುಲ್ಲು ತುಂಬಿ ಮೈ ಕಟ್ಟಿದಳಂತೆ. ಕಾಡಿಗೆ, ಸುಣ್ಣ, ಕೆಮ್ಮಣ್ಣು ಇವೇ ಬಣ್ಣ. ಇದೆಲ್ಲ ಆಮೇಲೆ ಮಂಚಯ್ಯ ಹೇಳಿದ್ದು. ಗೃಹಪ್ರವೇಶದ ಹಿಂದಿನ ಸಂಜೆ ಇಬ್ಬರೂ ಬೊಂಬೆಯನ್ನು ದುಪ್ಪಟಿಯಲ್ಲಿ ಸುತ್ತಿ ತಂದು, ಮಹಡಿಯ ಪ್ಯಾರಾಪೆಟ್ಟಿಗೆ ಕಟ್ಟಿದರು. ಇಳಿದು ಬಂದ ಸಿದ್ದಕ್ಕ, ಬೆಳಿಗ್ಗೆ ಮುಸುಕು ತೆಗೆಯಿರಿ ಅಂತ ಹೇಳಿ, ಇನ್ನೊಂದು ಮಾತೂ ಹೇಳಿದಳು.

"ಟೀಚರಮ್ಮ, ಈ ಸಲ ನಾನಾಗಿ ಕೀಳಕಿಲ್ಲ. ಜನ ಇಳ್ಸಿ ಅಂದ್ರೆ ಇಳ್ಸಿ. ಆದ್ರೆ ಇದ್ನ ಇಳ್ಸುದ್ರೆ ನಾನು ಇನ್ ಮ್ಯಾಕೆ ಯಾವ್ದಕ್ಕೂ ಕೈ ಇಕ್ಕಕಿಲ್ಲ."

ಬೆಳಿಗ್ಗೆ ಹಸುವನ್ನು ಒಳಗೆ ಕರೆತಂದಾಯಿತು, ಹಾಲು ಉಕ್ಕಿಸಿದ್ದಾಯಿತು, ನಮ್ಮವರು ಮಹಡಿ ಹತ್ತಿ ಬೊಂಬೆಯ ಮುಸುಕನ್ನೂ ತೆಗೆದು ಬಂದರು. ನೆಂಟರು ಬರುವ ಹೊತ್ತಿಗೆ ನಾನು ರೇಷ್ಮೆ ಸೀರೆ ಉಟ್ಟು ತೇಗದ ಬಾಗಿಲ ಪಕ್ಕದಲ್ಲೇ ನಿಂತೆ. ಎಲ್ಲರೂ ಮೊದಲು ಬಾಗಿಲು ನೋಡಲಿ ಅಂತ. ನಿಂತದ್ದೇ ಬಂತು, ಯಾರೂ ಒಳಗೆ ಬರಲಿಲ್ಲ. ರಸ್ತೆಯಲ್ಲಿ ಗುಜುಗುಜು. ಹೋಗಿ ನೋಡಿದರೆ ನಮ್ಮ ನೆಂಟರಿಷ್ಟರೆಲ್ಲ ಗುಂಪಾಗಿ ನಿಂತು ಕತ್ತೆತ್ತಿ ಮೇಲೆ ನೋಡುತ್ತಿದ್ದಾರೆ.

ಪ್ಯಾರಾಪೆಟ್ಟಿನಿಂದ ಒಬ್ಬ ಹೆಂಗಸು ಬಗ್ಗಿ ನೋಡುತ್ತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಗಲ್ಲಕ್ಕೆ. ಒಂದು ಹುಬ್ಬು ಮೇಲೆ, ತುಟಿ ಒಂದು ಕಡೆಗೆ ಸೊಟ್ಟ. ಬಂದ್ಬುಟ್ರಾ, ನಿಮ್ಮ ಯೋಗ್ಯತೆ ನನಗೆ ಗೊತ್ತಿಲ್ವಾ ಅನ್ನುವಂತಿತ್ತು ಆ ಮುಖ. ಕೋರೆಹಲ್ಲಿಲ್ಲ, ನಾಲಿಗೆ ಇಲ್ಲ, ಆದರೂ ಮೈ ಜುಮ್ಮೆಂದಿತು. ಮಡಿಕೇರಿಗೆ ಹೋಗುವ ಕಾರುಗಳು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದವು. ಬೈಲಕುಪ್ಪೆಯ ಇಬ್ಬರು ಲಾಮಾಗಳು ಆಟೋದಿಂದ ತಲೆ ಹೊರಗೆ ಹಾಕಿ ನಗುತ್ತಾ ಹೋದರು. ಇವಳು ನಮ್ಮತ್ತೆ ಅಂತ ಒಬ್ಬಳು, ಅಲ್ಲ ನಮ್ಮ ದೊಡ್ಡಕ್ಕ ಅಂತ ಇನ್ನೊಬ್ಬಳು. ಹುಣಸೂರಿನಿಂದ ಬಂದಿದ್ದ ನಮ್ಮ ಭಾವ, ತಮಗೆ ಮೂರನೇ ಕ್ಲಾಸಿನಲ್ಲಿ ಬಸ್ಕಿ ಹೊಡೆಸಿದ ಮೇಡಮ್ಮು ಇವರೇ ಅಂತ ಹಟ ಹಿಡಿದರು. ನನ್ನ ಗ್ರಾನೈಟನ್ನು ಕೇಳುವವರೇ ಇಲ್ಲ. ಹೊಟ್ಟೆ ಉರಿದುಹೋಯಿತು.

ಅಷ್ಟರಲ್ಲಿ ಚಿಕ್ಕಬೀರಯ್ಯನವರು ಬಂದರು. ಮೇಲೆ ನೋಡಿದವರೇ ಅಲ್ಲೇ ನಿಂತುಬಿಟ್ಟರು. ಮುಖ ಕೆಂಪಾಯಿತು. ಅದು ತಮ್ಮ ತಾಯಿಯ ಮುಖ, ಸತ್ತವರನ್ನು ಹೀಗೆ ಆಡಿಕೊಳ್ಳುವುದು ಯಾವ ನ್ಯಾಯ, ಶುಭಕಾರ್ಯದ ದಿನ ಇಂಥದ್ದೊಂದು ಯಾಕೆ, ಮೊದಲು ಇಳಿಸಿ ಅಂದರು. ದೊಡ್ಡವರ ಮಾತು ತಾನೇ, ನಗುತ್ತಿದ್ದವರೂ ಹೌದು ಹೌದು ಅಂದರು. ನಮ್ಮ ಯಜಮಾನರು ಶಾಮಿಯಾನದವರ ಏಣಿ ತಂದು ಗೋಡೆಗೆ ಆನಿಸಿದರು. ನನಗೆ ಬೇಡ ಅನ್ನಬೇಕು ಅನ್ನಿಸಿತು, ಆದರೆ ಊರಿನ ಹಿರಿಯರಿಗೆ ಎದುರಾಡಿ ಊಟಕ್ಕೆ ಕೂರಿಸುವುದು ಹೇಗೆ? ಸಿದ್ದಕ್ಕನಿಗಾಗಿ ಕಣ್ಣಾಡಿಸಿದೆ. ಅಡುಗೆಯವರ ಕೊಪ್ಪರಿಗೆಗಳ ಹಿಂದೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಒಳಗಿನವಳು ಈಗ ಅವಳನ್ನು ಏನೇನು ಅನ್ನುತ್ತಿದ್ದಾಳೋ!

ಅಲ್ಲಿಂದ ಅವಳು ನೇರ ನಡೆದು ಬಂದಳು. ಏಣಿ ಹಿಡಿದಳು. ಎಂದಿನಂತೆ ತಾನೇ ಕಿತ್ತು ಹಾಕುತ್ತಾಳೆ ಅಂದುಕೊಂಡೆ. ಅವಳು ಹತ್ತಲಿಲ್ಲ, ಏಣಿಗೆ ಬೆನ್ನು ಕೊಟ್ಟು ಜನರ ಕಡೆ ತಿರುಗಿದಳು.

"ದಿಷ್ಟಿಬೊಂಬೆ ಯಾತಕ್ಕೆ ಕಟ್ಟದು? ಬಂದೋರ ಕಣ್ಣು ಮನೆ ಮ್ಯಾಲೆ ಬೀಳ್ದೆ ಬೊಂಬೆ ಮ್ಯಾಲೆ ಬೀಳ್ಲಿ ಅಂತ. ಇಷ್ಟೊತ್ತಾಯ್ತಲ್ಲ, ನಿಮ್ಮಲ್ಲಿ ಒಬ್ರಾರ ಮನೆ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಬೆಳಗಿನಿಂದ ಇದ್ದ ನನ್ನ ಸಿಟ್ಟು ಆ ಒಂದು ಮಾತಿಗೆ ಇಳಿಯಿತು. ನನ್ನ ಮನೆಗೆ ಇದಕ್ಕಿಂತ ದೊಡ್ಡ ಕಾವಲು ಯಾವುದಿದೆ?

ಚಿಕ್ಕಬೀರಯ್ಯನವರು ಮಾತ್ರ ಬಿಡಲಿಲ್ಲ. ಅದಕ್ಕೆ ನಮ್ಮವ್ವನ ಮುಖವೇ ಬೇಕಿತ್ತಾ ಅಂದರು.

"ನಿಮ್ಮವ್ವಂದಲ್ಲ ಕಣ್ರಣ್ಣ, ನಂದು" ಅಂದಳು ಸಿದ್ದಕ್ಕ. ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದನ್ನು ಗಲ್ಲಕ್ಕಿಟ್ಟು, ಹುಬ್ಬೇರಿಸಿ, ತುಟಿ ಸೊಟ್ಟ ಮಾಡಿ ಬೊಂಬೆಯ ಕೆಳಗೆ ನಿಂತಳು. ಮೇಲೊಬ್ಬಳು, ಕೆಳಗೊಬ್ಬಳು. ಗುಂಪಿನಲ್ಲಿ ಯಾರೋ ಅಯ್ಯಪ್ಪಾ ಅಂದರು.

"ಚಿಕ್ಕೋಳಿದ್ದಾಗಿಂದ ಇವ್ಳು ನನ್ನೊಳಗೇ ಕೂತು ನನ್ನೇ ಬಯ್ಕೊಂಡಿದ್ಲು. ಯಾರ್ಯಾರ್ದೋ ದನಿ ಅಂದ್ಕೊಂಡಿದ್ದೆ. ಕನ್ನಡಿ ಇಟ್ಕೊಂಡು ಮಾಡಕ್ ಕೂತಾಗ್ಲೇ ಗೊತ್ತಾಗಿದ್ದು, ನಂದೇ ಮೊಕ ಅಂತ. ಇಷ್ಟ್ ಚೆಂದಾಗಿ ಬಯ್ಯೋಳು ಒಳಗ್ಯಾಕೆ ಇರ್ಬೇಕು? ಬಿಸ್ಲಲ್ಲಿ ನಿಂತು ಮನೆ ಕಾಯ್ಲಿ ಬುಡಿ."

ಮೊದಲು ನಕ್ಕವನು ಮಂಚಯ್ಯ. ಅವನು ನಗುವುದನ್ನು ಊರು ಅವತ್ತೇ ಕಂಡದ್ದು. ಆಮೇಲೆ ನಕ್ಕ ಜನ ಸುಮಾರು ಹೊತ್ತು ನಿಲ್ಲಿಸಲಿಲ್ಲ. ನಾನು ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟೆ, ರೇಷ್ಮೆ ಸೀರೆಗೆ ಅವಳ ಕೈಯ ಕಾಡಿಗೆ ಹತ್ತಿತು. ಹತ್ತಲಿ ಅಂದುಕೊಂಡೆ. ಏಣಿಯನ್ನು ಸಿದ್ದಕ್ಕನೇ ಹೊತ್ತುಕೊಂಡು ಹೋಗಿ ಶಾಮಿಯಾನದವರಿಗೆ ಕೊಟ್ಟು ಬಂದಳು. ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದೆ. ಕೇಳಿ ಕೇಳಿ ಪಾಯಸ ಹಾಕಿಸಿಕೊಂಡಳು.

ಅದಾದ ಮೇಲೆ ಅವಳ ಹೊಲದಲ್ಲಿ ಬೋರಲು ಮಡಕೆ ನಾನು ಕಂಡಿಲ್ಲ. ಕೊಪ್ಪದಿಂದ ಒಬ್ಬರು, ಹೊಸ ಅಗ್ರಹಾರದಿಂದ ಒಬ್ಬರು, ಎಚ್.ಡಿ. ಕೋಟೆಯ ಕಡೆಯಿಂದಲೂ ಒಬ್ಬರು ಹುಡುಕಿಕೊಂಡು ಬಂದರು. ಅಂಗಡಿ ಮುಖವಾಡದಂಥದ್ದು ಬೇಕು ಅಂದವರನ್ನು ಅಂಗಡಿಗೇ ಕಳಿಸಿದಳು.

ಚಿಕ್ಕಬೀರಯ್ಯನವರು ಮಾತ್ರ ಬಹಳ ದಿನ ಈ ಕಡೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ನಾನು ಸಿದ್ದಕ್ಕನ ಜಗಲಿಯಲ್ಲಿ ಕುಳಿತಿದ್ದಾಗ ಒಬ್ಬರೇ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಅವರ ತಾಯಿ ದಿನವೂ ಕಾವಲಿಗೆ ಕೂರುತ್ತಿದ್ದರಂತೆ. ಆ ಜಾಗ ಬರಿದಾಗಿದೆ, ಅಲ್ಲಿಗೆ ಅವ್ವನನ್ನು ಒಂದು ಸಲ ಮಾಡಿಕೊಡು ಅಂದರು. ನಗುವ ಹಾಗೆ ಮಾಡು ಅಂತಲೂ ಸೇರಿಸಿದರು.

ಊರಿನ ದೊಡ್ಡವರು ಬಾಗಿಲಿಗೆ ಬಂದು ಬೇಡಿದ್ದಾರೆ. ಹಿಂದಿನ ಸಿದ್ದಕ್ಕನಾಗಿದ್ದರೆ ಹೇಗೆ ಹೇಳಿದರೆ ಹಾಗೆ ಅಂತ ತಲೆ ಬಗ್ಗಿಸುತ್ತಿದ್ದಳು. ಅವಳು ಕೈಯಲ್ಲಿದ್ದ ಕಾಗದದ ಹಿಟ್ಟನ್ನು ನಾದುವುದು ನಿಲ್ಲಿಸದೆ ಹೇಳಿದಳು.

"ನಿಮ್ಮವ್ವ ನಕ್ಕಿದ್ದ ನಾನು ಕಂಡಿಲ್ಲ ಕಣ್ರಣ್ಣ. ನಂಗೆ ಕಂಡಂಗೆ ಮಾಡ್ತೀನಿ. ಒಪ್ಗೆ ಆದ್ರೆ ಹುಲ್ಲು ಕಳ್ಸಿ."

ಅವರು ಟೋಪಿ ಹಾಕಿಕೊಂಡು ಹೊರಟುಹೋದರು. ಒಂದು ಬೊಂಬೆಗೆ ಒಂದು ತೆಕ್ಕೆ ಹುಲ್ಲು ಸಾಕು. ಮಾರನೆಯ ಬೆಳಿಗ್ಗೆ ಸಿದ್ದಕ್ಕನ ಮನೆ ಮುಂದೆ ಅವರ ಟ್ರ್ಯಾಕ್ಟರ್ ಬಂದು ನಿಂತಿತು, ಟ್ರೈಲರ್ ತುಂಬ ಹುಲ್ಲು.