ಹಿಟ್ಟು ಒಗ್ಗದ ಅತ್ತಿಗೆ

ಪ್ರತಿ ಗುರುವಾರ ಸಂಜೆ ನಾನು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಅಂಗಡಿ ಮುಚ್ಚಿ, ಹೆಂಡತಿಯನ್ನು ಕರೆದುಕೊಂಡು ರಸ್ತೆ ದಾಟುತ್ತೇನೆ. ನಮ್ಮ ಎದುರಿಗೇ ಪಿಜ್ಜಾ ಅಂಗಡಿ. ಹದಿನಾಲ್ಕು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ನನ್ನ ಹೆಂಡತಿ ಅರ್ಧ ತಿಂದು, "ನಾನು ಮನೇಲಿ ಇದಕ್ಕಿಂತ ಚೆನ್ನಾಗಿ ಮಾಡ್ತೀನಿ" ಅನ್ನುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಮಾಡಿದ್ದಿಲ್ಲ.

ದೊಡ್ಡ ಜಾಗವೇನಲ್ಲ. ಒಳಗೆ ಐದು ಮೇಜು, ಹೊರಗೆ ಕಾಲುದಾರಿಯ ಮೇಲೆ ಎರಡು. ರಸ್ತೆಯ ಕಡೆಗೆ ದೊಡ್ಡದೊಂದು ಗಾಜಿನ ಕಿಟಕಿ, ಅದರ ಹಿಂದೆ ಬಿಳಿ ಕಲ್ಲಿನ ಹಾಸು. ಆ ಹಾಸಿನ ಮುಂದೆ ನಿಂತು ಹಿಟ್ಟು ತಟ್ಟುವವರು ಅತ್ತಿಗೆ. ಹಿಂದೆ ಕಟ್ಟಿಗೆಯ ಒಲೆ ನೋಡಿಕೊಳ್ಳುವವನು ಅವರ ಗಂಡ. ಊಟದವರನ್ನು ಮಾತಾಡಿಸಿ ಏನು ಬೇಕೆಂದು ಕೇಳಿ ಬರುವವಳು ಗಂಡನ ತಂಗಿ. ಅವಳನ್ನು ನಾನು ಮಾತಿನಮಲ್ಲಿ ಅನ್ನುತ್ತೇನೆ. ಅವಳು ಅತ್ತಿಗೆ ಅತ್ತಿಗೆ ಎಂದು ಕೂಗಿ ಕೂಗಿ ಇಡೀ ರಸ್ತೆಗೇ ಅವರು ಅತ್ತಿಗೆಯಾದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ನನ್ನ ಬಾಯಲ್ಲೂ ಅದೇ ಬರುತ್ತದೆ.

ಈ ವಿದ್ಯೆಯನ್ನು ಅವರಿಗೆ ಕಲಿಸಿದವನು ಇಟಲಿಯ ಒಬ್ಬ ಮುದುಕ. ಆಗ ಅಂಗಡಿ ಅವನದು. ಹತ್ತೊಂಬತ್ತನೇ ವಯಸ್ಸಿನಲ್ಲಿ ತಟ್ಟೆ ತೊಳೆಯಲು ಸೇರಿದ ಅತ್ತಿಗೆಯ ಕೈ ನೋಡಿ, ಈ ಕೈ ತೊಳೆಯುವ ಕೈಯಲ್ಲ ಎಂದು ಅವನಿಗೆ ಅನ್ನಿಸಿತಂತೆ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ತಪ್ಪು ಮಾಡಿದರೆ ಕೈ ಮೇಲೊಂದು ಏಟು, ಸರಿ ಮಾಡಿದರೆ ಏಟಿಲ್ಲ. ಅಷ್ಟೇ ಪಾಠ. ಮುದುಕ ವಯಸ್ಸಾಗಿ ಮಗಳ ಮನೆಗೆ ಹೊರಟಾಗ ಅಂಗಡಿಯನ್ನು ಈ ಗಂಡ ಹೆಂಡಿರ ಕೈಗೆ ಒಪ್ಪಿಸಿ ಹೋದ.

ಅತ್ತಿಗೆ ಹಿಟ್ಟಿನ ಉಂಡೆಯನ್ನು ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗುವುದನ್ನು ನೋಡುವುದೇ ಒಂದು ಸುಖ. ಒಳಗಿನ ಗಾಳಿಯೆಲ್ಲ ಅಂಚಿಗೆ ಸೇರಬೇಕು, ಬೆಂದಾಗ ಅಂಚು ಉಬ್ಬಬೇಕು. ಲಟ್ಟಣಿಗೆಯಲ್ಲಿ ಲಟ್ಟಿಸಿದರೆ ಬೇಗ ಆಗುವುದಿಲ್ಲವೇ ಎಂದು ಒಮ್ಮೆ ಕೇಳಿ ಕೆಟ್ಟೆ. ಎರಡು ಗುರುವಾರ ಅವರು ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ವಾರ, "ನಿಮ್ಮ ಅಂಗಿಗಳನ್ನ ಗೋಂದು ಹಾಕಿ ಅಂಟಿಸಿದ್ರೆ ಬೇಗ ಆಗಲ್ವಾ?" ಎಂದು ಕೇಳಿದರು. ಆಮೇಲೆ ನಾನು ಆ ಸುದ್ದಿಗೆ ಹೋಗಲಿಲ್ಲ.

ಕೆಮ್ಮು ಶುರುವಾದದ್ದು ಮೂರು ವರ್ಷದ ಹಿಂದೆ. ಮೊದಲು ಸುಮ್ಮನೆ ಗಂಟಲು ಕೆರೆತ. ಆಮೇಲೆ ಮೂಗು ಸೋರುವುದು, ಎದೆಯಲ್ಲಿ ಸುಂಯ್ ಎಂಬ ಸದ್ದು. ಕೇಳಿದವರಿಗೆಲ್ಲ ಅತ್ತಿಗೆ, "ಒಲೆ ಹೊಗೆ ಕಣ್ರೀ" ಎಂದು ಹೇಳಿ ಮುಗಿಸುತ್ತಿದ್ದರು. ನಾವೆಲ್ಲ ಹೌದೆಂದೆವು. ಅವರ ಗಂಡನೂ ಹೌದೆಂದುಕೊಂಡ, ತಪ್ಪಾದದ್ದು ಅಲ್ಲಿಯೇ.

ಆ ಮನುಷ್ಯನಿಗೆ ಬೆಂಕಿಯೆಂದರೆ ಪ್ರಾಣ. ಯಾವ ಕಟ್ಟಿಗೆ ಹೇಗೆ ಉರಿಯುತ್ತದೆ, ಒಲೆಯ ಯಾವ ಮೂಲೆ ಎಷ್ಟು ಕಾದಿದೆ ಎಂದು ಮುಖಕ್ಕೆ ತಾಗುವ ಶಾಖದಲ್ಲೇ ಹೇಳುತ್ತಿದ್ದ. ಅಂಥವನು ಒಂದು ಸೋಮವಾರ, ಅಂಗಡಿಗೆ ರಜೆ ಇದ್ದ ದಿನ, ಇಬ್ಬರು ಗಾರೆಯವರನ್ನು ಕರೆಸಿ ಒಲೆಯನ್ನೇ ಒಡೆಸಿಬಿಟ್ಟ. ಮಸಿ ಹಿಡಿದ ಇಟ್ಟಿಗೆಗಳು ಒಂದೊಂದಾಗಿ ಹೊರಗೆ ಬರುವುದನ್ನು ನಾನು ನನ್ನ ಬಾಗಿಲಲ್ಲಿ ನಿಂತು ನೋಡಿದೆ. ಅವನು ಪೊರಕೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅದೇ ಜಾಗದಲ್ಲಿ ಗ್ಯಾಸಿನ ಒಲೆ ಬಂತು.

ಊಟಕ್ಕೆ ಬರುವವರು ಮೊದಲಿನ ರುಚಿ ಇಲ್ಲ ಎಂದು ಗೊಣಗಿದರು. ನಾನೂ ಅಂದೆ, ಅದೂ ಅವನ ಮುಖಕ್ಕೆ ಹೊಡೆದ ಹಾಗೆ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು. ಅವನು ಸಿಟ್ಟಾಗಲಿಲ್ಲ. "ಅವಳ ಕೆಮ್ಮು ನಿಲ್ಲಲಿ, ರುಚಿ ಆಮೇಲೆ ನೋಡೋಣ" ಅಂದ.

ಕೆಮ್ಮು ನಿಲ್ಲಲಿಲ್ಲ. ಒಲೆ ಹೋಗಿ ನಾಲ್ಕು ತಿಂಗಳಾದ ಮೇಲೆ, ಅಂಗಡಿ ತುಂಬಿದ್ದ ಒಂದು ಸಂಜೆ, ಅತ್ತಿಗೆ ಕಲ್ಲಿನ ಹಾಸಿನ ಮೇಲೆ ಎರಡೂ ಕೈ ಊರಿ ಬಗ್ಗಿದವರು ಏಳಲಿಲ್ಲ. ಉಸಿರು ಒಳಗೆ ಹೋಗುತ್ತಿಲ್ಲ, ತುಟಿ ನೀಲಿ. ನಾವೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಅವರ ಬೆರಳಿನ ಹಿಟ್ಟು ನನ್ನ ಅಂಗಿಯ ತೋಳಿಗೆಲ್ಲ ಅಂಟಿತ್ತು.

ಡಾಕ್ಟರು ಅವರಿಗೆ ಉಸಿರು ಅಳೆಯುವ ಒಂದು ಸಣ್ಣ ಕೊಳವೆ ಕೊಟ್ಟರು. ದಿನಕ್ಕೆ ನಾಲ್ಕು ಸಲ ಅದರೊಳಗೆ ಜೋರಾಗಿ ಊದಬೇಕು, ಮುಳ್ಳು ಎಲ್ಲಿಯವರೆಗೆ ಹೋಯಿತೆಂದು ಬರೆದಿಡಬೇಕು. ಮೂರು ವಾರದ ಹಾಳೆ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೋಮವಾರ ಏನು ಮಾಡ್ತೀರಿ?" ಅಂಗಡಿ ರಜೆ, ಮನೆಯಲ್ಲೇ ಇರುತ್ತೇನೆ ಎಂದರು ಅತ್ತಿಗೆ. "ಅವತ್ತು ಮಾತ್ರ ನಿಮ್ಮ ಉಸಿರು ಸರಿಯಾಗಿದೆ. ಹೊಗೆ ಅಲ್ಲಮ್ಮ, ನಿಮಗೆ ಆಗದೇ ಇರೋದು ಹಿಟ್ಟು."

ಅತ್ತಿಗೆ ನಕ್ಕುಬಿಟ್ಟರಂತೆ. "ಇಪ್ಪತ್ತಾರು ವರ್ಷ ಒಗ್ಗಿದ್ದು ಈಗ ಒಗ್ಗಲ್ವಾ ಡಾಕ್ಟ್ರೇ?"

"ಇಪ್ಪತ್ತಾರು ವರ್ಷ ಅದರ ಧೂಳು ಕುಡಿದಿದ್ದಕ್ಕೇ ಹೀಗಾಗಿರೋದು. ಬೆಂದಿದ್ದನ್ನ ತಿನ್ನಿ, ತೊಂದರೆ ಇಲ್ಲ. ಧೂಳನ್ನ ಮಾತ್ರ ಉಸಿರಾಡಬಾರದು. ಇನ್ನು ಆ ಅಂಗಡಿ ಒಳಗೆ ಕಾಲಿಡಬೇಡಿ."

ಈ ಕಥೆ ಹೇಳಿದ್ದು ಗಂಡ, ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು. ಹೇಳಿ ಮುಗಿಸಿದವನು, "ಒಲೆ ಸುಮ್ನೆ ಒಡೆಸಿದೆ" ಅಂದ. ನಾನು ಅವನ ಭುಜ ತಟ್ಟಿದೆ, ಬೇರೇನು ಮಾಡಲಿ?

ಅವರ ಮನೆ ಇದ್ದದ್ದು ಅಂಗಡಿಯ ಮೇಲೆಯೇ. ಎಷ್ಟು ಗುಡಿಸಿದರೂ ಹಿಟ್ಟು ಮೆಟ್ಟಿಲು ಹತ್ತಿ ಬರುತ್ತಿತ್ತು. ನಮ್ಮ ಮಹಡಿಯಲ್ಲಿ ಬಟ್ಟೆಯ ಥಾನುಗಳನ್ನು ಪೇರಿಸಿಟ್ಟಿದ್ದ ಒಂದು ಕೋಣೆ ಇತ್ತು. ನನ್ನ ಹೆಂಡತಿ ನನ್ನನ್ನು ಕೇಳದೆ ಅದನ್ನು ಖಾಲಿ ಮಾಡಿಸಿ, ತೊಳೆದು, ಅತ್ತಿಗೆಗೆ ಕೊಟ್ಟಳು. ಅವಳ ಬಾಯಿ ಜೋರು, ಕರುಳು ಮೆತ್ತಗೆ. ಗಂಡ ಕೆಲಸ ಮುಗಿಸಿ, ತಲೆಗೆ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ರಸ್ತೆ ದಾಟಿ ಬರುತ್ತಿದ್ದ. ಇಷ್ಟಾದರೂ ಮೊದಮೊದಲು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಿದ್ದ, ಕೂದಲಲ್ಲಿ ಎಲ್ಲಾದರೂ ಉಳಿದಿದ್ದರೆ ಎಂದು ಭಯ.

ಅಂಗಡಿ ನಡೆಯಲೇಬೇಕಲ್ಲ. ಕಲ್ಲಿನ ಹಾಸಿನ ಮುಂದೆ ಈಗ ಮಾತಿನಮಲ್ಲಿ ನಿಂತಳು. ಬಾಯಿ ಓಡಿದಷ್ಟು ಕೈ ಓಡಲಿಲ್ಲ. ತಟ್ಟಿದ್ದೆಲ್ಲ ತೂತು, ಅಂಚೆಲ್ಲ ಚಪ್ಪಟೆ. ಒಂದು ಗುರುವಾರ ನನಗೆ ಬಂದ ಪಿಜ್ಜಾ ಅಂಗಿಯ ತೋಳಿನ ಆಕಾರದಲ್ಲಿತ್ತು. ನನ್ನ ಹೆಂಡತಿಯದೂ ಹಾಗೆಯೇ. ಎರಡನ್ನೂ ಸೇರಿಸಿ ಹೊಲಿದಿದ್ದರೆ ಅರ್ಧ ಅಂಗಿ ಮುಗಿಯುತ್ತಿತ್ತು.

ಅತ್ತಿಗೆ ನಮ್ಮ ಮಹಡಿಯ ಕಿಟಕಿಯಿಂದ ಮೂರು ದಿನ ಇದನ್ನು ನೋಡಿದರು. ನಾಲ್ಕನೆಯ ದಿನ ಇಳಿದು ಹೋಗಿ ಅಂಗಡಿಯ ಗಾಜಿನ ಮುಂದೆ, ಹೊರಗೆ, ನಿಂತರು. ಗಾಜು ದಪ್ಪ, ಒಳಗೆ ಗದ್ದಲ, ಮಾತು ಕೇಳಿಸದು. ಹಾಗಾಗಿ ಎಲ್ಲ ಕೈಸನ್ನೆ. ಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸಿದರೆ ಇನ್ನೂ ಮೆಲ್ಲಗೆ. ಮುಷ್ಟಿ ಹಿಡಿದರೆ ತಡೆ, ಹಿಟ್ಟು ಇನ್ನೂ ಉಬ್ಬಬೇಕು. ಅಂಗೈ ಮಗುಚಿದರೆ ಎಸೆದು ಬೇರೆ ತಗೋ. ನಾದಿನಿ ಒಂದೊಂದು ಉಂಡೆಗೂ ತಲೆ ಎತ್ತಿ ನೋಡುವುದು, ಇವರು ಸನ್ನೆ ಮಾಡುವುದು. ದಾರಿಹೋಕರು ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡು ಬಳಸಿಕೊಂಡು ಹೋಗುತ್ತಿದ್ದರು.

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಅತ್ತಿಗೆ ಖುಷಿಯಾಗಿದ್ದರು. ಕಾಲು ಊದಿಕೊಂಡರೂ ಕೂರುತ್ತಿರಲಿಲ್ಲ. "ಒಳಗೆ ಹೋಗದಿದ್ರೇನಂತೆ, ಹಿಟ್ಟು ಇನ್ನೂ ನನ್ನ ಮಾತು ಕೇಳುತ್ತೆ" ಎಂದು ನನ್ನ ಹೆಂಡತಿಗೆ ಹೇಳಿದ್ದರಂತೆ. ಅದೊಂದು ಇದ್ದರೆ ಸಾಕಿತ್ತು ಅವರಿಗೆ.

ಆದರೆ ನಾದಿನಿ ಕಲಿತುಬಿಟ್ಟಳು. ಕಲಿಯಬಾರದು ಎಂದು ಯಾರು ತಾನೆ ಹೇಳುತ್ತಾರೆ? ಮೊದಲು ಸಂಜೆಗೆ ಐವತ್ತು ಸಲ ತಲೆ ಎತ್ತುತ್ತಿದ್ದವಳು ಇಪ್ಪತ್ತಕ್ಕೆ ಇಳಿದಳು, ಆಮೇಲೆ ಐದಕ್ಕೆ. ಬೇಕೆಂದು ಮಾಡಿದ್ದಲ್ಲ. ಕೆಲಸ ಕೈಗೆ ಹತ್ತಿದ ಮೇಲೆ ಯಾರೂ ತಲೆ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಅವಳು ತಟ್ಟುತ್ತಲೇ ಇರುತ್ತಿದ್ದಳು. ಹೊರಗೆ ಅತ್ತಿಗೆಯ ಕೈ ತಾನಾಗಿ ಮೇಲೆದ್ದು, ನೋಡುವವರಿಲ್ಲದೆ ಕೆಳಗಿಳಿಯುತ್ತಿತ್ತು. ಎದುರಿನಿಂದ ಇದನ್ನು ನೋಡುತ್ತಾ ನಾನು ಒಂದು ಪ್ಯಾಂಟಿನ ಕಾಲನ್ನು ತಪ್ಪು ಅಳತೆಗೆ ಕತ್ತರಿಸಿದೆ.

"ಗುರುವಾರ ನಮ್ಮ ಜೊತೆ ಕೂತು ಊಟ ಮಾಡಿ" ಎಂದು ಕರೆದವಳು ನನ್ನ ಹೆಂಡತಿ. ಹೊರಗಿನ ಮೇಜು, ಧೂಳಿನ ಭಯವಿಲ್ಲ. ಅತ್ತಿಗೆ ಸೀರೆ ಬದಲಾಯಿಸಿ ಬಂದು ತುದಿಯಲ್ಲಿ ಕೂತರು. ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಗಳನ್ನು ಒರೆಸಿದ್ದರೇ ಹೊರತು ಒಂದರಲ್ಲೂ ಕೂತಿರಲಿಲ್ಲ. ಊಟ ಕೊಡಲು ಅವತ್ತೇ ಹೊಸದಾಗಿ ಸೇರಿದ್ದ ಹೆಂಗಸು ಬಂದು ಅವರ ಮುಂದೆ ತಿಂಡಿಪಟ್ಟಿ ಇಟ್ಟು, "ಮೊದಲನೇ ಸಲ ಬರ್ತಿದ್ದೀರಾ ಅಮ್ಮ?" ಎಂದು ನಗುನಗುತ್ತಾ ಕೇಳಿದಳು. ನಾನು ಅವಳಿಗೆ ಏನೋ ಹೇಳಹೊರಟೆ. ಅತ್ತಿಗೆ ತಡೆದು, "ಹೂಂ, ಮೊದಲನೇ ಸಲ" ಅಂದರು. ಬರೀ ಟೊಮೆಟೊ, ಚೀಸ್ ಹಾಕಿದ್ದನ್ನು ತರಹೇಳಿದರು.

ಬಂದದ್ದನ್ನು ಮೊದಲು ಎತ್ತಿ ಅಡಿ ನೋಡಿದರು. ಅಂಚನ್ನು ಮುರಿದು ಒಳಗಿನ ಗಾಳಿಗೂಡು ನೋಡಿದರು. ಆಮೇಲೆ ತಿಂದರು, ಒಂದು ಚೂರೂ ಬಿಡದೆ. ಗಂಡ ಬಾಗಿಲಿಗೆ ಬಂದ. ಏಪ್ರನ್ ತುಂಬ ಹಿಟ್ಟಿತ್ತು, ಆದ್ದರಿಂದ ಹೊಸ್ತಿಲಲ್ಲೇ ನಿಂತು ಕೇಳಿದ, "ಹೇಗಿತ್ತು?"

ಅತ್ತಿಗೆ ಬೆರಳು ಒರೆಸಿಕೊಂಡರು. "ಹಿಟ್ಟಿಗೆ ಉಪ್ಪು ಕಮ್ಮಿ ಆಗಿದೆ. ಅವಳಿಗೆ ಹೇಳಿ."

ನಾನು ತಿಂದದ್ದೂ ಅದನ್ನೇ. ಉಪ್ಪು ಹದವಾಗಿತ್ತು. ಆದರೆ ಅತ್ತಿಗೆಯ ಮುಖ ನೋಡಿ, "ಹೌದು, ಸ್ವಲ್ಪ ಕಮ್ಮಿಯೇ" ಎಂದು ನಾನೂ ಸುಳ್ಳು ಹೇಳಿದೆ. ನನ್ನ ಹೆಂಡತಿ ಕೂಡ ಬಾಯಿ ಮುಚ್ಚಿಕೊಂಡಳು.

ಮುಂದಿನ ಗುರುವಾರ ಮತ್ತೆ ಅದೇ ಹೊರಗಿನ ಮೇಜು. ಮೊದಲ ತುಂಡು ಬಾಯಿಗಿಟ್ಟೆ, ಕಟು ಉಪ್ಪು. ಒಳಗೆ ಎಲ್ಲ ಮೇಜಿನವರೂ ನೀರು ನೀರು ಅನ್ನುತ್ತಿದ್ದರು. ಒಬ್ಬರು ಅರ್ಧಕ್ಕೇ ಎದ್ದು ಹೊರಟರು. "ಇದೇನ್ರೀ ಇದು" ಎಂದು ಶುರುಮಾಡಿದ ಹೆಂಡತಿಯ ಕಾಲನ್ನು ನಾನು ಮೇಜಿನ ಕೆಳಗೆ ತುಳಿದೆ. ಅತ್ತಿಗೆ ಬಾಯಲ್ಲಿದ್ದದ್ದನ್ನು ನಿಧಾನಕ್ಕೆ ನುಂಗಿದರು. ಗಾಜಿನ ಕಡೆ ನೋಡಿದರು. ಒಳಗಿನಿಂದ ನಾದಿನಿ, ಎಷ್ಟೋ ದಿನದ ಮೇಲೆ, ತಲೆ ಎತ್ತಿ ಅವರನ್ನೇ ನೋಡುತ್ತಿದ್ದಳು. ಅತ್ತಿಗೆ ಕೈಬೀಸಿ ಕರೆದರು.

ಅವಳು ಏಪ್ರನ್ ಕಳಚಿ, ಮೊಣಕೈವರೆಗೆ ತೊಳೆದುಕೊಂಡು, ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು.

"ಹೋದ ವಾರ ಉಪ್ಪು ಸರಿಯಾಗೇ ಇತ್ತು ಕಣೇ" ಅಂದರು ಅತ್ತಿಗೆ.

"ಗೊತ್ತು ಅತ್ತಿಗೆ."

"ಗೊತ್ತಿದ್ದೂ ಯಾಕೆ ಜಾಸ್ತಿ ಹಾಕ್ದೆ?"

"ನೀವು ಹೇಳಿದ್ರಲ್ಲ. ಬೇಡ ಅಂತ ಅಣ್ಣನೂ ಅಂದ. ನೀವು ಹೇಳಿದ ಮೇಲೆ ಹಾಕದೇ ಇರೋದು ಹೇಗೆ?"

ಅತ್ತಿಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇನ್ಮೇಲೆ ನಾನು ಏನೂ ಹೇಳಲ್ಲ."

"ಹಾಗನ್ಬೇಡಿ ಅತ್ತಿಗೆ. ಬೈದಾದ್ರೂ ಹೇಳಿ, ನಾನು ಮಾಡ್ತೀನಿ."

"ಮಾಡ್ತೀಯ. ಅದಕ್ಕೇ ಹೇಳಲ್ಲ."

ಒಳಗಿನಿಂದ ಯಾರೋ ಕೂಗಿದರು. ಅವಳು ಕಣ್ಣು ಒರೆಸಿಕೊಂಡು ಹೋದಳು. ನನ್ನ ಹೆಂಡತಿ ನೀರಿನ ಲೋಟವನ್ನು ಅತ್ತಿಗೆಯ ಕಡೆ ಸರಿಸಿದಳು.

ಆಮೇಲೆ ಅತ್ತಿಗೆ ಗಾಜಿನ ಮುಂದೆ ನಿಲ್ಲಲಿಲ್ಲ. ಈಗ ನನ್ನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾರೆ, ಅಂಚು ಮಡಿಸುತ್ತಾರೆ. ಕೈ ಒಳ್ಳೆಯದು, ಬೇಗ ಕಲಿತರು. ರಸ್ತೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಅಲ್ಲಿ ಸೂಜಿಗೆ ದಾರ ಪೋಣಿಸುವುದೂ ಕಷ್ಟ. ಮೊನ್ನೆ ತಡೆಯಲಾರದೆ ಹೇಳಿದೆ, "ಬೆಳಕು ಆ ಕಡೆಯಿಂದ ಬರುತ್ತೆ ಅತ್ತಿಗೆ, ತಿರುಗಿ ಕೂತ್ಕೊಳ್ಳಿ."

"ಇಷ್ಟು ಬೆಳಕು ಸಾಕು" ಅಂದರು.